ಪ್ಲಾಟಿನಂ ಬದಲು ಕಬ್ಬಿಣ: ಫ್ಯೂಯೆಲ್ ಸೆಲ್ ಕ್ಯಾಟಲಿಸ್ಟ್ ಮಾಡುವುದು ಹೇಗೆ, ಅಳೆಯುವುದು ಹೇಗೆ

ಒಂದು ಸಲ ನಾನು ಮಾಡಿದ ಕಬ್ಬಿಣದ ಪುಡಿ ಪ್ಲಾಟಿನಂ ಅನ್ನೇ ಹಿಂದೆ ಹಾಕಿಬಿಟ್ಟಿತ್ತು. ಸೋಮವಾರ ಗ್ರಾಫ್ ಸಾಧಾರಣವಾಗಿತ್ತು. ಮಂಗಳವಾರ ಸ್ವಲ್ಪ ಚೆಂದ ಆಯಿತು. ಬುಧವಾರ ಇನ್ನೂ ಚೆಂದ. ಲ್ಯಾಬ್‌ನಲ್ಲಿ ಸ್ವೀಟ್ ಹಂಚುವುದೊಂದು ಬಾಕಿ. ಗೈಡ್ ಮೇಡಂ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: “ಕೌಂಟರ್ ಎಲೆಕ್ಟ್ರೋಡ್ ಏನು ಹಾಕಿದ್ದೀಯಪ್ಪಾ?” ಪ್ಲಾಟಿನಂ ತಂತಿ ಮೇಡಂ, ಅಂದೆ. ಅವರು ನಕ್ಕು, ಕಾಫಿ ಕುಡಿಯೋಕೆ ಎದ್ದು ಹೋದರು.

ಕೌಂಟರ್ ಅಂದರೆ ಅಳೆಯುವಾಗ ಕರೆಂಟಿನ ಸುತ್ತು ಪೂರ್ತಿ ಮಾಡುವ ಇನ್ನೊಂದು ಎಲೆಕ್ಟ್ರೋಡ್. ಆ ತಂತಿ ಏನು ಮಾಡಿತ್ತು ಅಂತ ಮುಂದೆ ಹೇಳುತ್ತೇನೆ. ಈ ಕೆಲಸಕ್ಕೆ ಇಳಿಯುವವರು ಒಂದು ವಿಷಯ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು, ಬೇಯಿಸುವುದು ಅರ್ಧ ಕೆಲಸ ಮಾತ್ರ. ಅಳೆಯುವಾಗ ನಮಗೆ ನಾವೇ ಮೋಸ ಮಾಡಿಕೊಳ್ಳದೆ ಇರುವುದು ಉಳಿದ ಅರ್ಧ, ಮತ್ತು ಅದೇ ಕಷ್ಟದ್ದು. ಎಂ.ಎಸ್ಸಿ., ಪಿಎಚ್‌.ಡಿ. ಮಾಡುತ್ತಿರುವವರು, ಟ್ಯೂಬ್ ಫರ್ನೇಸ್ ಮತ್ತು ಪೊಟೆನ್ಷಿಯೋಸ್ಟ್ಯಾಟ್ ಇರುವ ಲ್ಯಾಬ್‌ನಲ್ಲಿ ಕೂತವರು ಕೈಯಲ್ಲಿಟ್ಟುಕೊಂಡು ಕೆಲಸ ಮಾಡಲಿ ಅಂತ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಕಬ್ಬಿಣ ಯಾಕೆ?

ಹೈಡ್ರೋಜನ್ ಫ್ಯೂಯೆಲ್ ಸೆಲ್‌ನಲ್ಲಿ ಎರಡು ಬದಿ. ಆನೋಡ್ ಬದಿಯಲ್ಲಿ ಹೈಡ್ರೋಜನ್ ಒಡೆದು ಪ್ರೋಟಾನ್, ಎಲೆಕ್ಟ್ರಾನ್ ಆಗುತ್ತದೆ. ಪ್ರೋಟಾನ್ ನಡುವಿನ ಪೊರೆಯ ಮೂಲಕ ದಾಟುತ್ತದೆ, ಎಲೆಕ್ಟ್ರಾನ್ ಹೊರಗಿನ ತಂತಿ ಸುತ್ತಿಕೊಂಡು ಬರುತ್ತದೆ. ಕ್ಯಾಥೋಡ್ ಬದಿಯಲ್ಲಿ ಎರಡೂ ಆಮ್ಲಜನಕದ ಜೊತೆ ಸೇರಿ ನೀರಾಗುತ್ತವೆ. ಹೈಡ್ರೋಜನ್ ಒಡೆಯುವುದು ಸುಲಭ. ಚದರ ಸೆಂಟಿಮೀಟರಿಗೆ 0.05 ಮಿಲಿಗ್ರಾಂ ಪ್ಲಾಟಿನಂ ಇದ್ದರೂ ನಡೆಯುತ್ತದೆ. ಆಮ್ಲಜನಕ ಮಾತ್ರ ಹಟಮಾರಿ. ಒಂದು ಅಣು ನೀರಾಗಬೇಕಾದರೆ ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ಬೇಕು, ನಡುವಿನ ಗಟ್ಟಿ ಬಂಧ ಮುರಿಯಬೇಕು. ಹಾಗಾಗಿ ಸೆಲ್‌ನ ಪ್ಲಾಟಿನಂನಲ್ಲಿ ಹೆಚ್ಚಿನ ಪಾಲು ಕ್ಯಾಥೋಡಿಗೇ ಹೋಗುತ್ತದೆ. ಬದಲಿ ಹುಡುಕುವುದಾದರೆ ಅಲ್ಲೇ ಹುಡುಕಬೇಕು.

ಬದಲಿಯ ಸುಳಿವು ನಮ್ಮ ರಕ್ತದಲ್ಲೇ ಇದೆ. ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹಿಡಿದುಕೊಳ್ಳುವುದು ನಾಲ್ಕು ನೈಟ್ರೋಜನ್ ನಡುವೆ ಕೂತ ಒಂದು ಕಬ್ಬಿಣದ ಪರಮಾಣು. 1964ರಲ್ಲಿ ಜಾಸಿನ್ಸ್‌ಕಿ ಎಂಬ ವಿಜ್ಞಾನಿ ಇದೇ ತರಹದ ರಚನೆ ಇರುವ ಕೋಬಾಲ್ಟ್ ಥಾಲೋಸಯನೈನ್ ಆಮ್ಲಜನಕವನ್ನು ಕ್ಷಾರದಲ್ಲಿ ಅಪಕರ್ಷಿಸುತ್ತದೆ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಸೇರಿಸುತ್ತದೆ ಅಂತ ತೋರಿಸಿದರು. ಕೋಬಾಲ್ಟ್ ತೆಗೆದು ತಾಮ್ರ ಇಟ್ಟರೆ ಅದೇ ವಸ್ತು ಪೇಂಟ್ ಅಂಗಡಿಯ ನೀಲಿ ಬಣ್ಣ! ಆದರೆ ಇವು ಆಸಿಡ್‌ನಲ್ಲಿ ಬಾಳಲಿಲ್ಲ. 1970ರ ದಶಕದಲ್ಲಿ ಅವನ್ನು ಕಾರ್ಬನ್ ಜೊತೆ ಸುಟ್ಟರೆ ಗಟ್ಟಿಯಾಗುತ್ತವೆ ಅಂತ ಗೊತ್ತಾಯಿತು. 1989ರಲ್ಲಿ ಯೇಗರ್ ತಂಡ ಇನ್ನೂ ಮುಂದೆ ಹೋಯಿತು: ದುಬಾರಿ ಅಣುಗಳೇ ಬೇಡ, ಅಗ್ಗದ ಕಬ್ಬಿಣದ ಅಥವಾ ಕೋಬಾಲ್ಟ್ ಲವಣ, ನೈಟ್ರೋಜನ್ ಇರುವ ಪಾಲಿಮರ್, ಕಾರ್ಬನ್ ಸೇರಿಸಿ ಸುಟ್ಟರೆ ಸಾಕು. 2009ರಲ್ಲಿ ಕೆನಡಾದ ಡೊಡೆಲೆ ತಂಡ, 2011ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನ ಝೆಲೆನೇ ತಂಡ ಪ್ಲಾಟಿನಂ ಹತ್ತಿರಕ್ಕೆ ಬಂದವು. 2017ರಲ್ಲಿ ಬಲಾರ್ಡ್ ಮತ್ತು ನಿಶಿನ್‌ಬೋ ಕಂಪನಿಗಳು ಕ್ಯಾಥೋಡ್‌ನಲ್ಲಿ ಪ್ಲಾಟಿನಂ ಇಲ್ಲದ ಪುಟ್ಟ ಸ್ಟ್ಯಾಕ್, ಅಂದರೆ ಸೆಲ್ಲುಗಳ ಜೋಡಣೆ ಒಂದನ್ನು ಮಾರುಕಟ್ಟೆಗೆ ತರುವುದಾಗಿ ಹೇಳಿದವು. ಕಾರು, ಬಸ್ಸಿಗೆ ಇನ್ನೂ ದೂರ ಇದೆ.

ಇಲ್ಲಿ ಹೇಳಿಕೊಡುವುದು ಝಿಫ್-8 ಎಂಬ ಹರಳಿನಿಂದ ಮಾಡುವ ಕಬ್ಬಿಣ-ನೈಟ್ರೋಜನ್-ಕಾರ್ಬನ್ ಕ್ಯಾಟಲಿಸ್ಟ್. ಬೇರೆ ದಾರಿಗಳೂ ಇವೆ. ಆದರೆ ಹೊಸಬರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸಾಮಾನು ಅಗ್ಗ, ಪ್ರತಿ ಹಂತದಲ್ಲೂ ಬಣ್ಣ ನೋಡಿಯೇ ತಪ್ಪು ಹಿಡಿಯಬಹುದು.

ಶುರು ಮಾಡುವ ಮೊದಲು

ಗುರಿ ಏನು ಅಂತ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಅಮೆರಿಕದ ಇಂಧನ ಇಲಾಖೆ ಇಟ್ಟುಕೊಂಡಿರುವ ಗುರಿ ಇದು: ನಿಜವಾದ ಸೆಲ್‌ನಲ್ಲಿ, ಶುದ್ಧ ಆಮ್ಲಜನಕದಲ್ಲಿ, 80 ಡಿಗ್ರಿಯಲ್ಲಿ, ಪ್ರತಿರೋಧದ ನಷ್ಟ ಕಳೆದ ಮೇಲೆ 0.9 ವೋಲ್ಟ್‌ನಲ್ಲಿ ಚದರ ಸೆಂಟಿಮೀಟರಿಗೆ 44 ಮಿಲಿಆಂಪಿಯರ್. ಇದು ನಿಮ್ಮ ಮೊದಲ ಬ್ಯಾಚ್‌ನಲ್ಲಿ ಬರುವ ಸಂಖ್ಯೆ ಅಲ್ಲ. 2021ರಲ್ಲಿ ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ತಂಡ ತುಂಬಾ ಜಾಣತನದ ವಿಧಾನದಲ್ಲಿ ಮುಟ್ಟಿದ್ದು 33. ಅಂದರೆ ಆಗ ಆಟ ಎಲ್ಲಿ ನಡೀತಿತ್ತು ಅಂತ ಅಂದಾಜು ಸಿಕ್ಕಿತಲ್ವಾ.

ಆಮೇಲೆ ಲ್ಯಾಬ್ ಸುತ್ತ ಒಂದು ಸಲ ನೋಡಿ. ಪ್ಲಾಟಿನಂ ಕೆಲಸ ಮಾಡಿದ ಬೀಕರ್, ಕುಟ್ಟಾಣಿ, ಕ್ವಾರ್ಟ್ಜ್ ಟ್ಯೂಬ್, ಕಾಂತದ ಕಡ್ಡಿ ಯಾವುದನ್ನೂ ಮುಟ್ಟಬೇಡಿ. ಹೊಸ ಸೆಟ್ ತೆಗೆದುಕೊಂಡು “ಕಬ್ಬಿಣ ಮಾತ್ರ” ಅಂತ ಚೀಟಿ ಅಂಟಿಸಿ, ಬೀಗ ಹಾಕಿ ಇಡಿ. ಮಡಿ ಜಾಸ್ತಿ ಆಯಿತು ಅಂತ ಜೂನಿಯರ್‌ಗಳು ನಗುತ್ತಾರೆ. ನಗಲಿ ಬಿಡಿ.

ಹಂತ 1: ಹರಳು ಬೆಳೆಸುವುದು

ಝಿಫ್-8 ಅಂದರೆ ಸತು ಮತ್ತು 2-ಮಿಥೈಲ್ ಇಮಿಡಝೋಲ್ ಸೇರಿ ಕಟ್ಟುವ ಜೇನುಗೂಡಿನಂಥ ಹರಳು. ಇಮಿಡಝೋಲ್‌ನಲ್ಲಿ ಕಾರ್ಬನ್ನೂ ಇದೆ, ನೈಟ್ರೋಜನ್ನೂ ಇದೆ. ಸತುವಿನ ಕೆಲವು ಜಾಗಗಳಲ್ಲಿ ಕಬ್ಬಿಣ ಕೂರಿಸುವುದು ನಮ್ಮ ಉಪಾಯ. ಒಂದೊಂದು ಕಬ್ಬಿಣದ ಪರಮಾಣುವಿನ ಸುತ್ತಲೂ ಸತುಗಳ ಬೇಲಿ ಇರುವುದರಿಂದ ಅವು ಒಂದಕ್ಕೊಂದು ಸೇರಿ ಗಡ್ಡೆ ಕಟ್ಟುವುದು ಕಷ್ಟ.

ಒಂದು ಫ್ಲಾಸ್ಕ್‌ನಲ್ಲಿ 150 ಮಿಲಿಲೀಟರ್ ಮೆಥನಾಲ್. ಅದಕ್ಕೆ 2.97 ಗ್ರಾಂ ಸತುವಿನ ನೈಟ್ರೇಟ್, ಅಂದರೆ ಆರು ನೀರಿನಣು ಇರುವ ಮಾಮೂಲಿ ಲವಣ, ಮತ್ತು 81 ಮಿಲಿಗ್ರಾಂ ಫೆರಿಕ್ ನೈಟ್ರೇಟ್, ಇದು ಒಂಬತ್ತು ನೀರಿನದ್ದು. ಇನ್ನೊಂದು ಫ್ಲಾಸ್ಕ್‌ನಲ್ಲಿ ಮತ್ತೆ 150 ಮಿಲಿಲೀಟರ್ ಮೆಥನಾಲ್, 3.28 ಗ್ರಾಂ 2-ಮಿಥೈಲ್ ಇಮಿಡಝೋಲ್. ಎರಡೂ ಪೂರ್ತಿ ಕರಗಿ ತಿಳಿಯಾಗಲಿ. ಆಮೇಲೆ ಎರಡನೆಯದನ್ನು ಮೊದಲನೆಯದಕ್ಕೆ ಒಂದೇ ಸಲ, ಜೋರಾಗಿ ಕಲಕುತ್ತಾ ಸುರಿಯಿರಿ. ಹನಿ ಹನಿಯಾಗಿ ಹಾಕಿದರೆ ಹರಳು ದಪ್ಪ ಆಗುತ್ತದೆ, ಗಾತ್ರವೂ ಒಂದೇ ಸಮ ಬರುವುದಿಲ್ಲ. ಮುಚ್ಚಳ ಬಿಗಿ ಮಾಡಿ ಅಥವಾ ಮೇಲೆ ಕಂಡೆನ್ಸರ್ ಇಟ್ಟು 60 ಡಿಗ್ರಿಯಲ್ಲಿ 24 ಗಂಟೆ. ಮೆಥನಾಲ್ 65 ಡಿಗ್ರಿ ಹತ್ತಿರ ಕುದಿಯುತ್ತದೆ. ಅದಕ್ಕೇ ತೆರೆದ ಪಾತ್ರೆ ಬೇಡ, ಬೆಂಕಿ ಹತ್ತಿರ ಬೇಡ, ಫ್ಯೂಮ್ ಹುಡ್ ಬಿಟ್ಟು ಹೊರಗೆ ಬೇಡವೇ ಬೇಡ.

81 ಮಿಲಿಗ್ರಾಂ ಯಾಕೆ ಅಂತ ಕೇಳಬಹುದು. ಅದು ಸತುವಿನ ಪರಮಾಣುಗಳ ಲೆಕ್ಕದಲ್ಲಿ ಶೇ. 2. ಆ ಲವಣದಲ್ಲಿ ಕಬ್ಬಿಣ ಅಂತ ಇರುವುದು ಬರೀ 11 ಮಿಲಿಗ್ರಾಂ. ಆದರೆ ಸುಟ್ಟಾಗ ಸತು ಹಾರಿಹೋಗುತ್ತದೆ, ಉಳಿದದ್ದೂ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕೊನೆಗೆ ಪುಡಿಯಲ್ಲಿ ತೂಕದ ಶೇ. 1ರಿಂದ 2 ಕಬ್ಬಿಣ ನಿಲ್ಲುತ್ತದೆ. ಅಷ್ಟು ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ಎಲ್ಲರೂ ಮಾಡುವ ಮೊದಲ ತಪ್ಪು. ಸಾರಿಗೆ ಉಪ್ಪು ಹಾಕಿದ ಹಾಗೆ, ಒಂದು ಮಟ್ಟ ದಾಟಿದರೆ ಇಡೀ ಪಾತ್ರೆ ಕೆಟ್ಟಿತು. ಹೆಚ್ಚಾದ ಕಬ್ಬಿಣ ಗಡ್ಡೆ ಕಟ್ಟಿ, ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ, ಆಸಿಡ್‌ನಲ್ಲಿ ಕರಗಿ ಪೊರೆಯನ್ನು ಹಾಳು ಮಾಡುತ್ತದೆ.

ಮರುದಿನ ನೋಡುವಾಗ ಕಬ್ಬಿಣ ಇಲ್ಲದ ಝಿಫ್-8 ಹಾಲಿನಂತೆ ಬೆಳ್ಳಗಿರುತ್ತದೆ. ಕಬ್ಬಿಣ ಹಾಕಿದ್ದು ತಿಳಿ ಹಳದಿಯಿಂದ ನಸುಗಂದು, ಹಾಲು ಜಾಸ್ತಿಯಾದ ಟೀ ಬಣ್ಣ. ಗಾಢ ಇಟ್ಟಿಗೆ ಬಣ್ಣ ಬಂತು ಅಂದರೆ ಕಬ್ಬಿಣ ಹರಳಿನ ಒಳಗೆ ಕೂರದೆ ಹೊರಗೆ ತುಕ್ಕಾಗಿ ಬಿದ್ದಿದೆ. ಆ ಬ್ಯಾಚ್ ಬಿಟ್ಟುಬಿಡಿ. ಸರಿ ಇದ್ದರೆ ಸೆಂಟ್ರಿಫ್ಯೂಜ್ ಮಾಡಿ, ಹೊಸ ಮೆಥನಾಲ್‌ನಲ್ಲಿ ಮೂರು ಸಲ ತೊಳೆದು, 60 ಡಿಗ್ರಿಯ ವ್ಯಾಕ್ಯೂಮ್ ಅವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ. ಲೆಕ್ಕದ ಪ್ರಕಾರ 2.28 ಗ್ರಾಂ ಬರಬೇಕು. ಅದರ ಅರ್ಧ ಬಂದರೂ ಬೇಜಾರಾಗಬೇಡಿ.

ಇದೇ ದಿನ ಇನ್ನೊಂದು ಕೆಲಸ ಮಾಡಿ. ಕಬ್ಬಿಣವೇ ಇಲ್ಲದ ಒಂದು ಬ್ಯಾಚ್ ಕೂಡ ಬೆಳೆಸಿ, ಮುಂದಿನ ಎಲ್ಲ ಹಂತಕ್ಕೂ ಜೊತೆಗೆ ಕರೆದುಕೊಂಡು ಹೋಗಿ. ಆಮೇಲೆ ಬಂದ ಕರೆಂಟ್ ಕಬ್ಬಿಣದ್ದೋ ಬರೀ ಕಾರ್ಬನ್ನಿನದ್ದೋ ಅಂತ ಹೇಳಲು ಇದೊಂದೇ ಸಾಕ್ಷಿ.

ಹಂತ 2: ಪುಡಿ ಮಾಡಿ ದೋಣಿಗೆ ತುಂಬುವುದು

ಒಣಗಿದ ಹರಳನ್ನು ಅಗೇಟ್ ಕುಟ್ಟಾಣಿಯಲ್ಲಿ ಹತ್ತು ನಿಮಿಷ ಅರೆಯಿರಿ, ಅಲ್ಯುಮಿನಾ ದೋಣಿಯಲ್ಲಿ, ಅಂದರೆ ದೋಣಿಯಾಕಾರದ ಪುಟ್ಟ ಪಾತ್ರೆಯಲ್ಲಿ, ತೆಳ್ಳಗೆ ಹರಡಿ. ಮೂತಿವರೆಗೆ ತುಂಬಿದರೆ ಮೇಲಿನದ್ದು ಬೆಂದು ತಳದ್ದು ಹಸಿ ಉಳಿಯುತ್ತದೆ. ಇಷ್ಟೇ.

ಹಂತ 3: ಸುಡುವುದು

ಎಲ್ಲ ಇರುವುದು ಇಲ್ಲಿ.

ಕ್ವಾರ್ಟ್ಜ್ ಅಥವಾ ಅಲ್ಯುಮಿನಾ ಟ್ಯೂಬ್‌ನ ನಡುವೆ ದೋಣಿ ಇಡಿ. ಆರ್ಗಾನ್ ಬಿಡಿ. ಒಳಗಿನ ಗಾಳಿ ಹೋಗುವುದಕ್ಕೆ ಬಿಸಿ ಮಾಡುವ ಮೊದಲು ಒಂದು ಗಂಟೆ ಸುಮ್ನೆ ಹರಿಯಲಿ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 1000 ಡಿಗ್ರಿವರೆಗೆ ಏರಿಸಿ, ಒಂದು ಗಂಟೆ ನಿಲ್ಲಿಸಿ, ತಾನಾಗೇ ತಣ್ಣಗಾಗಲು ಬಿಡಿ. ಮೊದಲ ಸರಣಿಗೆ 900, 1000, 1100 ಮೂರನ್ನೂ ಮಾಡಿ ನೋಡುವುದು ಒಳ್ಳೆಯದು. 1100ಕ್ಕೆ ಹೋಗುವುದಾದರೆ ಅಲ್ಯುಮಿನಾ ಟ್ಯೂಬೇ ಇರಲಿ.

ಒಳಗೆ ಏನಾಗುತ್ತದೆ? ಹರಳು ಒಡೆದು ನೈಟ್ರೋಜನ್ ತುಂಬಿದ ಕಾರ್ಬನ್ ಆಗುತ್ತದೆ. ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ. ಅದಕ್ಕಿಂತ ಮೇಲೆ ಹೋದಾಗ ಸತು ಆವಿಯಾಗಿ ಹೊರಟು, ತಾನು ಕೂತಿದ್ದ ಕಡೆಯೆಲ್ಲ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ. ಕಬ್ಬಿಣ ಹಾರುವುದಿಲ್ಲ. ಆ ರಂಧ್ರಗಳ ಅಂಚಿನಲ್ಲಿ ನಾಲ್ಕು ನೈಟ್ರೋಜನ್ ಹಿಡಿದುಕೊಂಡು ಉಳಿಯುತ್ತದೆ. ಬಿಸಿ ಕಮ್ಮಿಯಾದರೆ ಸತು ಉಳಿಯುತ್ತದೆ, ಕಾರ್ಬನ್‌ನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಜಾಸ್ತಿಯಾದರೆ ನೈಟ್ರೋಜನ್ನೇ ಬಿಟ್ಟುಹೋಗಿ ಕಬ್ಬಿಣ ಅನಾಥವಾಗಿ ಗಡ್ಡೆ ಸೇರುತ್ತದೆ. ಒಳ್ಳೆಯ ಉಷ್ಣತೆಯ ಕಿಂಡಿ ಚಿಕ್ಕದು, ನಿಮ್ಮ ಫರ್ನೇಸ್‌ನದ್ದು ನೀವೇ ಹುಡುಕಿಕೊಳ್ಳಬೇಕು. ಪಕ್ಕದ ಲ್ಯಾಬ್‌ನ 1000 ಡಿಗ್ರಿಯೂ ನಿಮ್ಮ 1000 ಡಿಗ್ರಿಯೂ ಒಂದೇ ಅಲ್ಲ. ಥರ್ಮೋಕಪಲ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಸುರಕ್ಷತೆಯ ಮಾತು. ನೈಟ್ರೋಜನ್ ಇರುವ ಇಂಥ ವಸ್ತು ಸುಟ್ಟಾಗ ಹೈಡ್ರೋಜನ್ ಸಯನೈಡ್ ಬರಬಹುದು. ಹೌದು, ಅದೇ ಸಯನೈಡ್. ಟ್ಯೂಬ್‌ನ ಹೊರಬಾಯಿಯ ಗಾಳಿ ಮೊದಲು ಒಂದು ಖಾಲಿ ಬಾಟಲಿಗೆ, ಅಲ್ಲಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಬಾಟಲಿಗೆ, ಅಲ್ಲಿಂದ ಫ್ಯೂಮ್ ಹುಡ್ ಒಳಗೆ ಹೋಗಬೇಕು. ಖಾಲಿ ಬಾಟಲಿ ಯಾಕೆ? ತಣ್ಣಗಾಗುವಾಗ ಆರ್ಗಾನ್ ನಿಂತರೆ ದ್ರಾವಣ ಹಿಂದಕ್ಕೆ ಎಳೆದು ಕಾದ ಟ್ಯೂಬ್‌ಗೆ ನುಗ್ಗುತ್ತದೆ. ಖಾಲಿ ಬಾಟಲಿ ಇದ್ದರೆ ಅಲ್ಲೇ ನಿಲ್ಲುತ್ತದೆ. ಆ ದ್ರಾವಣವನ್ನು ಸಿಂಕ್‌ಗೆ ಸುರಿಯಬೇಡಿ, ಸಯನೈಡ್ ತ್ಯಾಜ್ಯ ಅಂತ ಬರೆದು ಬೇರೆ ಇಡಿ. ಆಸಿಡ್ ಡಬ್ಬಿಯ ಹತ್ತಿರ ಅಂತೂ ಇಡಲೇಬೇಡಿ. ಒಬ್ಬರೇ ಇರುವ ರಾತ್ರಿ ಈ ಕೆಲಸ ಬೇಡ.

ನನ್ನ ಎರಡನೇ ಬ್ಯಾಚ್‌ನ ಕಥೆ ಕೇಳಿ. ಬೆಳಗ್ಗೆ ಬಂದು ಟ್ಯೂಬ್ ತೆರೆದರೆ, ಕಪ್ಪು ಪುಡಿ ಇರಬೇಕಾದ ದೋಣಿಯಲ್ಲಿ ಒಂದು ಚಿಟಿಕೆ ಮಾಸಲು ಕಂದು ಬೂದಿ. ಒಂದು ವಾರದ ಕೆಲಸ ಒಂದು ಚಿಟಿಕೆ! ಫ್ಲ್ಯಾಂಜ್‌ನ ರಬ್ಬರ್ ಉಂಗುರ ಬಿರುಕು ಬಿಟ್ಟಿತ್ತು, ಗಾಳಿ ನುಗ್ಗಿ ಕಾರ್ಬನ್ ಎಲ್ಲ ಉರಿದುಹೋಗಿತ್ತು. ಅವತ್ತಿನಿಂದ ಬಿಸಿ ಮಾಡುವ ಮೊದಲು ಹೊರಬಾಯಿಯ ಬಾಟಲಿಯಲ್ಲಿ ಗುಳ್ಳೆ ನೋಡುತ್ತೇನೆ. ಒಳಗೆ ಬಿಟ್ಟಷ್ಟು ಗ್ಯಾಸ್ ಹೊರಗೆ ಗುಳ್ಳೆಯಾಗಿ ಬರದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಹಾಗೇ ಟ್ಯೂಬ್ ಪೂರ್ತಿ ತಣ್ಣಗಾಗದೆ ತೆರೆಯಬಾರದು. ಈ ಕಾರ್ಬನ್ ಬಿಸಿ ಇರುವಾಗ ಗಾಳಿ ಕಂಡರೆ ಕೆಂಡ ಹಿಡಿದುಬಿಡುತ್ತದೆ.

ಎಲ್ಲ ಸರಿ ಹೋದರೆ ದೋಣಿಯಲ್ಲಿ ಹೊಳಪಿಲ್ಲದ ಕಡುಗಪ್ಪು ಪುಡಿ, ಟ್ಯೂಬ್‌ನ ತಣ್ಣನೆಯ ತುದಿಯಲ್ಲಿ ಬೂದು ಕನ್ನಡಿಯಂಥ ಸತುವಿನ ಲೇಪ. ಆ ಲೇಪ ಕಂಡರೆ ನನಗೆ ಸಮಾಧಾನ.

ಹಂತ 4: ಅಯಸ್ಕಾಂತ, ಆಸಿಡ್, ಮತ್ತೆ ಬೆಂಕಿ

ದೊಡ್ಡ ಮಿಷನ್‌ಗಳಿಗೆ ಸ್ಲಾಟ್ ಬುಕ್ ಮಾಡುವ ಮೊದಲು ಒಂದು ಪುಕ್ಕಟೆ ಪರೀಕ್ಷೆ ಇದೆ. ಸ್ವಲ್ಪ ಪುಡಿಯನ್ನು ಗಾಜಿನ ಸೀಸೆಗೆ ಹಾಕಿ ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿಯಿರಿ. ಪುಡಿ ಗೋಡೆ ಹತ್ತಿ ಬಂದರೆ ಕಬ್ಬಿಣ ಗಡ್ಡೆ ಕಟ್ಟಿದೆ. ಅಲ್ಲಾಡದೆ ಬಿದ್ದಿದ್ದರೆ ಶುಭ ಸೂಚನೆ. ಬಿಡಿ ಬಿಡಿಯಾಗಿ ಕೂತ ಕಬ್ಬಿಣ ಅಯಸ್ಕಾಂತಕ್ಕೆ ಓಡಿ ಬರುವುದಿಲ್ಲ.

ಪುಡಿ ಓಡಿ ಬಂದರೆ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 80 ಡಿಗ್ರಿಯಲ್ಲಿ ಎಂಟು ಗಂಟೆ ಕಲಕಿ. ಸೋಸಿ, ತೊಳೆದ ನೀರು ತಟಸ್ಥ ಆಗುವವರೆಗೆ ತೊಳೆದು ಒಣಗಿಸಿ. ಆಮೇಲೆ ಆರ್ಗಾನ್‌ನಲ್ಲಿ 900 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಸುಡಿ. ಆಸಿಡ್‌ನಿಂದ ಮೇಲ್ಮೈಗೆ ಅಂಟಿದ ಗುಂಪುಗಳು ಇದರಿಂದ ಹೋಗುತ್ತವೆ. ಕಾರ್ಬನ್ ಚಿಪ್ಪಿನೊಳಗೆ ಸಿಕ್ಕಿಕೊಂಡ ಗಡ್ಡೆಗಳನ್ನು ಮಾತ್ರ ಆಸಿಡ್ ಮುಟ್ಟಲಾರದು. ಅದಕ್ಕೇ ಮೊದಲೇ ಕಬ್ಬಿಣ ಕಮ್ಮಿ ಹಾಕಿ ಅಂದದ್ದು.

ಹಂತ 5: ಏನಾಗಿದೆ ಅಂತ ನೋಡುವುದು

ಎಕ್ಸ್-ರೇ ಡಿಫ್ರಾಕ್ಷನ್ ಮೊದಲು. ತಾಮ್ರದ ಎಕ್ಸ್-ರೇಯಲ್ಲಿ 25 ಮತ್ತು 44 ಡಿಗ್ರಿ ಸುತ್ತ ಎರಡು ಅಗಲವಾದ ದಿಬ್ಬ ಮಾತ್ರ ಇರಬೇಕು. 44.7ರಲ್ಲಿ ಚೂಪಾದ ಶಿಖರ ಇದ್ದರೆ ಕಬ್ಬಿಣದ ಲೋಹ, 43ರಿಂದ 46ರ ನಡುವೆ ಸಣ್ಣ ಶಿಖರಗಳ ಗುಂಪಿದ್ದರೆ ಕಾರ್ಬೈಡ್. ಗ್ಯಾಸ್ ಹೀರಿಸಿ ಅಳೆಯುವ ಮೇಲ್ಮೈ ವಿಸ್ತೀರ್ಣ ಗ್ರಾಂಗೆ 600 ಚದರ ಮೀಟರ್‌ಗಿಂತ ಕಮ್ಮಿ ಬಂದರೆ ಸುಡುವುದರಲ್ಲಿ ಎಡವಟ್ಟಾಗಿದೆ. ಕಬ್ಬಿಣ ಎಷ್ಟಿದೆ ಅನ್ನುವುದಕ್ಕೆ ಐಸಿಪಿ, ಅಂದರೆ ಪ್ಲಾಸ್ಮಾ ಬಳಸಿ ಧಾತುಗಳ ಪ್ರಮಾಣ ಅಳೆಯುವ ಉಪಕರಣ.

ಕಬ್ಬಿಣ ಹೇಗೆ ಕೂತಿದೆ ಅನ್ನುವುದಕ್ಕೆ ಮೂರು ಉಪಕರಣ: ಒಂದೊಂದೇ ಪರಮಾಣು ಚುಕ್ಕಿಯಾಗಿ ಕಾಣುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಸಿಂಕ್ರೋಟ್ರಾನ್‌ನ ಎಕ್ಸ್-ರೇ ಹೀರಿಕೆ, ಮತ್ತು ಗಾಮಾ ಕಿರಣ ಹಾಯಿಸಿ ಕಬ್ಬಿಣವನ್ನು ಪರೀಕ್ಷಿಸುವ ಮಾಸ್‌ಬೌರ್. ಚುಕ್ಕಿಗಳ ಚಿತ್ರ ತುಂಬಾ ಚೆಂದ, ಎಲ್ಲರೂ ಅದನ್ನೇ ಮುಂದಿಡುತ್ತಾರೆ. ಆದರೆ ಅದು ಪುಡಿಯ ಯಾವುದೋ ಮೂಲೆಯ ಒಂದಷ್ಟು ನ್ಯಾನೋಮೀಟರ್. ಇಡೀ ಪುಡಿಯ ಜಾತಕ ಹೇಳುವುದು ಮಾಸ್‌ಬೌರ್. ಒಂದನ್ನೇ ಆರಿಸು ಅಂದರೆ ನಾನು ಅದನ್ನೇ ಆರಿಸುತ್ತೇನೆ. ಬೆಂಗಳೂರಿನಲ್ಲಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಂಥ ಕಡೆ ಯಾವ ಉಪಕರಣ ಹೊರಗಿನವರಿಗೆ ಸಿಗುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಹಂತ 6: ತಿರುಗುವ ಡಿಸ್ಕ್ ಮೇಲೆ ಅಳೆಯುವುದು

5 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ಡಿಸ್ಕ್, ವಿಸ್ತೀರ್ಣ 0.196 ಚದರ ಸೆಂಟಿಮೀಟರ್. ಅಲ್ಯುಮಿನಾ ಪುಡಿಯಲ್ಲಿ ಕನ್ನಡಿಯಂತೆ ಉಜ್ಜಿ. ಇಂಕ್‌ಗೆ 5 ಮಿಲಿಗ್ರಾಂ ಕ್ಯಾಟಲಿಸ್ಟ್, 950 ಮೈಕ್ರೋಲೀಟರ್ ನೀರು-ಐಸೊಪ್ರೊಪನಾಲ್ ಮಿಶ್ರಣ, 50 ಮೈಕ್ರೋಲೀಟರ್ ಶೇ. 5ರ ನಾಫಿಯಾನ್, ಅಂದರೆ ಪ್ರೋಟಾನ್ ಸಾಗಿಸುವ ಪಾಲಿಮರ್. ಸೋನಿಕೇಟರ್‌ನಲ್ಲಿ ಒಂದು ಗಂಟೆ, ನೀರಿಗೆ ಐಸ್ ಹಾಕುತ್ತಾ ಇರಿ, ಇಲ್ಲದಿದ್ದರೆ ಬಿಸಿಯಾಗಿ ಇಂಕ್ ಗಂಟು ಕಟ್ಟುತ್ತದೆ.

8 ಮೈಕ್ರೋಲೀಟರ್‌ನಂತೆ ಮೂರು ಸಲ ಡಿಸ್ಕ್ ಮೇಲೆ ಬಿಡಿ, ಒಂದು ಒಣಗಿದ ಮೇಲೆ ಇನ್ನೊಂದು. ಚದರ ಸೆಂಟಿಮೀಟರಿಗೆ 0.6 ಮಿಲಿಗ್ರಾಂ ಆಗುತ್ತದೆ. ಟೇಬಲ್ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಬೀಳುತ್ತದಲ್ಲ, ಇಲ್ಲೂ ಹಾಗೇ ಆಗುತ್ತದೆ. ತಪ್ಪಿಸಲು ಡಿಸ್ಕನ್ನು ಇಂಕ್ ಬದಿ ಮೇಲಕ್ಕೆ ಬರುವಂತೆ ತಿರುಗಿಸಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾ ಒಣಗಿಸಿ. ಭೂತಗನ್ನಡಿಯಲ್ಲಿ ನೋಡಿದಾಗ ಬರೀ ಡಿಸ್ಕ್ ಎಲ್ಲೂ ಇಣುಕಬಾರದು. ಇಣುಕಿದರೆ ಒರೆಸಿ ಮತ್ತೆ ಹಾಕಿ. ನಾನು ಒಂದು ದಿನದಲ್ಲಿ ಹನ್ನೊಂದು ಸಲ ಒರೆಸಿದ್ದೇನೆ.

ದ್ರಾವಣ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್, ಅತಿ ಶುದ್ಧ ನೀರಿನಲ್ಲಿ. ಕೌಂಟರ್ ಎಲೆಕ್ಟ್ರೋಡ್ ಗ್ರಾಫೈಟ್ ಕಡ್ಡಿ. ಇದೇ ನನ್ನ ಆ ಬುಧವಾರದ ಕಥೆ. ಡಿಸ್ಕ್‌ನಲ್ಲಿ ಅಪಕರ್ಷಣೆ ನಡೆಯುವಾಗ ಕೌಂಟರ್ ತಂತಿಯ ವೋಲ್ಟೇಜ್ ತುಂಬಾ ಮೇಲೆ ಹೋಗುತ್ತದೆ. ಆಸಿಡ್‌ನಲ್ಲಿ ಪ್ಲಾಟಿನಂ ಒಂದಿಷ್ಟೇ ಇಷ್ಟು ಕರಗಿ, ಈಜಿಕೊಂಡು ಬಂದು ಡಿಸ್ಕ್ ಮೇಲೆ ಕೂರುತ್ತದೆ. ಕಬ್ಬಿಣದ ಹೆಸರಲ್ಲಿ ಕೆಲಸ ಮಾಡುವುದು ಪ್ಲಾಟಿನಂ. ವೋಲ್ಟೇಜ್ ಏರಿಸಿ ಇಳಿಸುವ ಸೈಕಲ್ ಓಡಿಸಿದಷ್ಟೂ ಫಲಿತಾಂಶ ಚೆನ್ನಾಗುತ್ತಾ ಹೋದರೆ ಖುಷಿಪಡಬೇಡಿ, ಅನುಮಾನಪಡಿ. ಕ್ಯಾಟಲಿಸ್ಟ್ ಬಳಸಿದಷ್ಟೂ ಸವೆಯಬೇಕು, ಬೆಳೆಯುವುದಿಲ್ಲ. ನೈಟ್ರೋಜನ್‌ನಲ್ಲಿ ತೆಗೆದ ಸೈಕ್ಲಿಕ್ ವೋಲ್ಟಮೆಟ್ರಿ ಗ್ರಾಫ್‌ನಲ್ಲಿ 0.05ರಿಂದ 0.35 ವೋಲ್ಟ್ ನಡುವೆ ಹೊಸ ಉಬ್ಬುಗಳು ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಇನ್ನೂ ಅನುಮಾನ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಪರೀಕ್ಷೆ ಇದೆ. ಅದು ಪ್ಲಾಟಿನಂಗೆ ವಿಷ, ಆಸಿಡ್‌ನಲ್ಲಿರುವ ಈ ಕಬ್ಬಿಣದ ಜಾಗಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮನುಷ್ಯರಿಗೂ ವಿಷವೇ, ಡಿಟೆಕ್ಟರ್ ಇಲ್ಲದೆ ಸಿಲಿಂಡರ್ ತೆರೆಯಬೇಡಿ.

ವೋಲ್ಟೇಜ್ ಹೋಲಿಸಿ ನೋಡುವ ರೆಫರೆನ್ಸ್ ಎಲೆಕ್ಟ್ರೋಡ್ ಕೂಡ ಕ್ಲೋರೈಡ್ ಇರುವುದು ಬೇಡ, ಸೋರುತ್ತದೆ. ಮರ್ಕ್ಯುರಿ-ಸಲ್ಫೇಟ್ ಸಾಕು. ಅದನ್ನು ಹೈಡ್ರೋಜನ್ ಮಾಪಕಕ್ಕೆ ಹೋಲಿಸಿ ಸರಿಪಡಿಸುವಾಗ ಪ್ಲಾಟಿನಂ ಬೇಕಾಗುತ್ತದೆ. ಆ ಕೆಲಸವನ್ನು ಬೇರೆ ಪಾತ್ರೆಯಲ್ಲಿ ಮಾಡಿ.

ಈಗ ಅಳತೆ. ಅರ್ಧ ಗಂಟೆ ನೈಟ್ರೋಜನ್ ಬಿಟ್ಟು ಹಿನ್ನೆಲೆ ಗ್ರಾಫ್ ತೆಗೆಯಿರಿ. ಆಮೇಲೆ ಅರ್ಧ ಗಂಟೆ ಆಮ್ಲಜನಕ, ನಿಮಿಷಕ್ಕೆ 1600 ಸುತ್ತು, ಸೆಕೆಂಡಿಗೆ 5 ಮಿಲಿವೋಲ್ಟ್. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಈ ಕಾರ್ಬನ್‌ನ ಮೇಲ್ಮೈ ದೊಡ್ಡದಾದ್ದರಿಂದ ಹಿನ್ನೆಲೆ ಕರೆಂಟ್ ಸಣ್ಣದಲ್ಲ, ಕಳೆಯದಿದ್ದರೆ ಸುಮ್ನೆ ಸಂಖ್ಯೆ ಉಬ್ಬುತ್ತದೆ. ಗರಿಷ್ಠ ಕರೆಂಟಿನ ಅರ್ಧ ಬರುವ ವೋಲ್ಟೇಜ್ ಇದೆಯಲ್ಲ, ಅದು 0.80 ದಾಟಿದರೆ ಮೊದಲ ಪ್ರಯತ್ನಕ್ಕೆ ಶಭಾಷ್. 0.85 ಬಂದರೆ ಒಳ್ಳೆಯವರ ಸಾಲಿಗೆ ಸೇರಿದಿರಿ. 0.90 ದಾಟಿದರೆ ಮೇಲಿನ ಪ್ಲಾಟಿನಂ ತಂತಿಯ ಪ್ಯಾರಾ ಮತ್ತೆ ಓದಿ.

ಕೆಲವರು ಆಸಿಡ್ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಅಳೆದು “ಪ್ಲಾಟಿನಂಗಿಂತ ಮೇಲು” ಅಂತ ಬರೆಯುತ್ತಾರೆ. ಕ್ಷಾರದಲ್ಲಿ ಈ ಜಾತಿಯ ಕಾರ್ಬನ್ ಎಲ್ಲವೂ ಜಾಣ ಮಕ್ಕಳೇ. ಪ್ರೋಟಾನ್ ಪೊರೆಯ ಸೆಲ್‌ಗೆ ಮಾಡುವವರು ಆಸಿಡ್‌ನಲ್ಲೇ ಪರೀಕ್ಷೆ ಬರೆಯಬೇಕು.

ರಿಂಗ್ ಇರುವ ಡಿಸ್ಕ್ ಸಿಕ್ಕರೆ ಪೆರಾಕ್ಸೈಡ್ ಅಳೆಯಿರಿ. ಆಮ್ಲಜನಕ ನಾಲ್ಕರ ಬದಲು ಎರಡೇ ಎಲೆಕ್ಟ್ರಾನ್ ತೆಗೆದುಕೊಂಡು ಅರ್ಧಕ್ಕೆ ನಿಂತರೆ ಬರುವುದು ಹೈಡ್ರೋಜನ್ ಪೆರಾಕ್ಸೈಡ್. ಕರಗಿದ ಕಬ್ಬಿಣದ ಜೊತೆ ಅದು ಸೇರಿದರೆ ಹುಟ್ಟುವ ರ‍್ಯಾಡಿಕಲ್‌ಗಳು ಪೊರೆಯನ್ನೂ ಕಾರ್ಬನ್ನನ್ನೂ ತಿನ್ನುತ್ತವೆ. ರಿಂಗನ್ನು 1.2 ವೋಲ್ಟ್‌ನಲ್ಲಿಡಿ. ರಿಂಗ್ ಪ್ಲಾಟಿನಂನದ್ದು, ಆದ್ದರಿಂದ ಅದರಲ್ಲಿ ಉದ್ದುದ್ದ ಸೈಕಲ್ ಪರೀಕ್ಷೆ ಬೇಡ. ಇಲ್ಲೊಂದು ಸೂಕ್ಷ್ಮ ಇದೆ. ಪದರ ದಪ್ಪ ಇದ್ದರೆ ಒಳಗೆ ಹುಟ್ಟಿದ ಪೆರಾಕ್ಸೈಡ್ ಹೊರಗೆ ಬರುವ ಮೊದಲೇ ಇನ್ನೊಂದು ಜಾಗಕ್ಕೆ ಸಿಕ್ಕಿ ನೀರಾಗುತ್ತದೆ, ರಿಂಗ್‌ಗೆ ಏನೂ ಕಾಣುವುದಿಲ್ಲ. ಹಾಗಾಗಿ 0.6ರಲ್ಲಿ ಅಳೆದ ಮೇಲೆ 0.1 ಮಿಲಿಗ್ರಾಂ ಪದರದಲ್ಲೂ ಅಳೆಯಿರಿ. ಎರಡರ ಅಂತರ ನೋಡಿದರೆ ಕ್ಯಾಟಲಿಸ್ಟ್‌ನ ನಿಜ ಗುಣ ಗೊತ್ತಾಗುತ್ತದೆ.

ಹಂತ 7: ನಿಜವಾದ ಸೆಲ್‌ನಲ್ಲಿ

ಡಿಸ್ಕ್‌ನಲ್ಲಿ ಹೀರೋ ಆದದ್ದು ಸೆಲ್‌ನಲ್ಲಿ ಸೋಲುವುದು ಮಾಮೂಲು. ಕಾರಣ ದಪ್ಪ. ಕಬ್ಬಿಣದ ಪುಡಿಯಲ್ಲಿ ಕೆಲಸ ಮಾಡುವ ಜಾಗ ವಿರಳ, ಹಾಗಾಗಿ ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂ ಬಳಿಯಬೇಕು. ಪ್ಲಾಟಿನಂ ಪದರ 10 ಮೈಕ್ರಾನ್ ಇದ್ದರೆ ನಮ್ಮದು 100 ಮೈಕ್ರಾನ್ ಹತ್ತಿರ. ಅಷ್ಟು ದಪ್ಪದಲ್ಲಿ ಗಾಳಿ ಒಳಗೆ ಹೋಗಬೇಕು, ಪ್ರೋಟಾನ್ ದಾಟಬೇಕು, ನೀರು ಹೊರಗೆ ಬರಬೇಕು. ಮೂರಕ್ಕೂ ಒಂದೇ ಓಣಿ.

5 ಚದರ ಸೆಂಟಿಮೀಟರಿನ ಸೆಲ್‌ಗೆ 20 ಮಿಲಿಗ್ರಾಂ ಬೇಕು, ಕುಂಚ ಮತ್ತು ಸೀಸೆಗೆ ಅಂಟುವುದು ಸೇರಿ 40 ತೆಗೆದುಕೊಳ್ಳಿ. ನಾಫಿಯಾನ್‌ನ ತೂಕ ಕ್ಯಾಟಲಿಸ್ಟ್ ತೂಕದ 0.6ರಿಂದ ಶುರು ಮಾಡಿ. ಕಮ್ಮಿಯಾದರೆ ಪ್ರೋಟಾನ್‌ಗೆ ದಾರಿ ಇಲ್ಲ, ಜಾಸ್ತಿಯಾದರೆ ಗಾಳಿಗೆ ದಾರಿ ಇಲ್ಲ. ಕಾರ್ಬನ್ ಪೇಪರ್ ಮೇಲೆ ತೆಳ್ಳಗೆ ಹಲವು ಸಲ ಬಳಿದು, ಪ್ರತಿ ಸಲ ಒಣಗಿಸಿ ತೂಗಿ. ಆನೋಡ್‌ಗೆ ಮಾಮೂಲಿ ಪ್ಲಾಟಿನಂ ಎಲೆಕ್ಟ್ರೋಡ್ ಇರಲಿ, ನಡುವೆ 50 ಮೈಕ್ರಾನ್‌ನ ಪೊರೆ, 130 ಡಿಗ್ರಿಯಲ್ಲಿ ಹಗುರ ಒತ್ತಡ. 80 ಡಿಗ್ರಿ, ಪೂರ್ತಿ ತೇವ, ಮೊದಲು ಹೈಡ್ರೋಜನ್-ಆಮ್ಲಜನಕ. 0.9 ವೋಲ್ಟ್‌ನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಹೈಡ್ರೋಜನ್-ಗಾಳಿ. ಬರೀ ಆಮ್ಲಜನಕದ ಗ್ರಾಫ್ ತೋರಿಸಿ ಗಾಳಿಯದ್ದು ಬಚ್ಚಿಡುವವರನ್ನು ನಾನು ನಂಬುವುದಿಲ್ಲ. ಗಾಡಿ ಓಡುವುದು ಗಾಳಿಯಲ್ಲಿ. ಸೆಲ್ಲನ್ನು ಲೋಡ್ ಇಲ್ಲದೆ ಬಹಳ ಹೊತ್ತು ಬಿಡಬೇಡಿ, ಆ ಎತ್ತರದ ವೋಲ್ಟೇಜ್‌ನಲ್ಲಿ ಕಾರ್ಬನ್ ಸವೆಯುತ್ತದೆ.

ಹಂತ 8: ಯಾಕೆ ಸಾಯುತ್ತಿದೆ ಅಂತ ಹುಡುಕುವುದು

0.6 ವೋಲ್ಟ್‌ನಲ್ಲಿ ನಿಲ್ಲಿಸಿ 50 ಗಂಟೆ ಕರೆಂಟ್ ದಾಖಲಿಸಿ. ದೊಡ್ಡ ಕುಸಿತ ಮೊದಲ ಕೆಲವು ಗಂಟೆಗಳಲ್ಲೇ ಆಗುತ್ತದೆ. ಎಲ್ಲರ ಸೆಲ್‌ನಲ್ಲೂ ಹಾಗೇ, ಗಾಬರಿಯಾಗಬೇಡಿ. ಕಾರಣ ಒಂದಲ್ಲ. ಕಬ್ಬಿಣ ಜಾಗ ಬಿಟ್ಟು ಕರಗುವುದು, ಕಾರ್ಬನ್ ಸವೆಯುವುದು, ಪೆರಾಕ್ಸೈಡ್‌ನ ದಾಳಿ, ರಂಧ್ರಗಳಲ್ಲಿ ನೀರು ತುಂಬುವುದು. ಯಾವುದಕ್ಕೆ ಎಷ್ಟು ಪಾಲು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸಿಕ್ಕಿರುವ ಮದ್ದುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಒಂದು, ಕಬ್ಬಿಣದ ಜಾಗಗಳ ಮೇಲೆ ತೆಳು ಕಾರ್ಬನ್ ಪದರವನ್ನು ಆವಿಯಿಂದ ಕೂರಿಸುವುದು. ಎರಡು, ಬಾಸ್ಟನ್ ತಂಡದ ದಾರಿ: ಮೊದಲು ಸತು-ನೈಟ್ರೋಜನ್-ಕಾರ್ಬನ್ ಮಾಡಿಟ್ಟು, ಆಮೇಲೆ 750 ಡಿಗ್ರಿಯಲ್ಲಿ ಫೆರಿಕ್ ಕ್ಲೋರೈಡ್ ಆವಿ ಹಾಯಿಸಿ ಸತುವಿನ ಜಾಗಕ್ಕೆ ಕಬ್ಬಿಣವನ್ನು ಇಳಿಸುವುದು. ಕಬ್ಬಿಣ 1000 ಡಿಗ್ರಿಯ ಬೆಂಕಿಯನ್ನು ನೋಡುವುದೇ ಇಲ್ಲ, ಗಡ್ಡೆ ಕಟ್ಟುವ ಅವಕಾಶವೂ ಕಮ್ಮಿ.

ನಿಮ್ಮ ಸೆಲ್ ಕುಸಿದಾಗ ಬಿಚ್ಚುವ ಮೊದಲು ಎರಡು ಕೆಲಸ ಮಾಡಿ. ರಾತ್ರಿಯಿಡೀ ಒಣ ನೈಟ್ರೋಜನ್ ಬಿಟ್ಟು ಬೆಳಗ್ಗೆ ಮತ್ತೆ ಓಡಿಸಿ. ಕರೆಂಟ್ ವಾಪಸ್ ಬಂದರೆ ತೊಂದರೆ ನೀರಿನದ್ದು, ನಾಫಿಯಾನ್ ಪ್ರಮಾಣ ಮತ್ತು ರಂಧ್ರಗಳ ಕಡೆ ನೋಡಿ. ವಾಪಸ್ ಬರದಿದ್ದರೆ ಕ್ಯಾಥೋಡ್‌ನಿಂದ ಹೊರಬಂದ ನೀರನ್ನು ಸೀಸೆಯಲ್ಲಿ ಹಿಡಿದು ಕಬ್ಬಿಣಕ್ಕೂ ಫ್ಲೋರೈಡ್‌ಗೂ ಪರೀಕ್ಷೆ ಮಾಡಿಸಿ. ಕಬ್ಬಿಣ ಸಿಕ್ಕರೆ ನಾಲ್ಕನೇ ಹಂತಕ್ಕೆ ವಾಪಸ್. ಫ್ಲೋರೈಡ್ ಕೂಡ ಸಿಕ್ಕರೆ ಪೊರೆ ಕರಗಲು ಶುರುವಾಗಿದೆ. ಆಗ ಸೆಲ್ ನಿಲ್ಲಿಸಿ, ಹೈಡ್ರೋಜನ್ ಸಿಲಿಂಡರ್‌ನ ವಾಲ್ವ್ ಮುಚ್ಚಿ, ಆಮೇಲೆ ಬಿಚ್ಚಿ.